ಯಾರದು ಹೊರಗೆ?

ಅತ್ತೆಯವರೇ,

ನಿಮ್ಮ ಕೊನೆಯ ವರ್ಷ ನಿಮಗೆ ನೆನಪಿದೆಯೇ? ಮಧ್ಯಾಹ್ನ ಎಲ್ಲರೂ ಜಗುಲಿಯಲ್ಲಿ ಕೂತಿದ್ದಾಗ ನೀವು ನಡುಮನೆಯ ಕಡೆ ತಿರುಗಿ, "ಯಾರದು ಒಳಗೆ?" ಎನ್ನುತ್ತಿದ್ದಿರಿ. ಒಳಗೆ ಯಾರೂ ಇರುತ್ತಿರಲಿಲ್ಲ. "ಯಾರೂ ಇಲ್ಲ, ಸುಮ್ನಿರಿ" ಎನ್ನುತ್ತಿದ್ದೆವು. ನೀವು ಸುಮ್ಮನಿರುತ್ತಿರಲಿಲ್ಲ. ಶಿವಾಜಿನಗರದ ದರ್ಗಾದಿಂದ ತಾಯಿತ ತಂದು ಕಟ್ಟಿದೆವು. ಎದುರುಮನೆಯ ಸೆಲ್ವಿ, "ಪೇಯಿ, ದೆವ್ವ ಹಿಡ್ಕೊಂಡಿದೆ ಅಕ್ಕಾ, ಬೇವಿನಸೊಪ್ಪಲ್ಲಿ ಇಳಿಸಿ" ಎಂದಳು. ಅದೂ ಆಯಿತು. ಕೊನೆಯ ದಿನದವರೆಗೂ ನೀವು ಕೇಳುತ್ತಲೇ ಇದ್ದಿರಿ.

ನೀವು ಹೋದಾಗ ನನ್ನ ಮಗ ಶಂಕರನಿಗೆ ಮದುವೆಯೂ ಆಗಿರಲಿಲ್ಲ. ಈಗ ಅವನ ಮಗಳು ಚೈತ್ರ ಪಿಯುಸಿ ಮುಗಿಸಿದ್ದಾಳೆ. ಫಲಿತಾಂಶ ಬಂದ ದಿನ ನನ್ನೆದುರು ನಿಂತು, "ಅಜ್ಜಿ, ನಾನು ಸೈಕಾಲಜಿ ಡಿಗ್ರಿ ಮಾಡ್ತೀನಿ" ಎಂದಳು. ಜನರ ಮನಸ್ಸಿನ ಬಗ್ಗೆ ಓದುವುದಂತೆ. ದೊಡ್ಡ ಖಾಸಗಿ ಕಾಲೇಜು, ಎಂಟು ಲಕ್ಷ ಸಾಲ.

"ಮನಸ್ಸು ಓದೋಕೆ ಎಂಟು ಲಕ್ಷನಾ? ಕೂತ್ಕೋ, ನಿನ್ನ ಮನಸ್ಸು ನಾನು ಬಿಟ್ಟಿ ಓದ್ತೀನಿ" ಎಂದೆ.

ಅವಳು ನಗಲಿಲ್ಲ. ಶಂಕರನ ನೀರಿನ ಟ್ಯಾಂಕರ್ ಸಂಪಾದನೆಯನ್ನು ಬ್ಯಾಂಕಿನವರು ನಂಬುವುದಿಲ್ಲ. ಬಾಣಸವಾಡಿಯ ಬಾಡಿಗೆ ಮನೆಗಳು ನನ್ನ ಹೆಸರಿನಲ್ಲಿವೆ. ಹಾಗಾಗಿ ನನ್ನ ಸಹಿ ಇಲ್ಲದೆ ಸಾಲವಿಲ್ಲ.

ಅದೇ ಕಾಲೇಜಿನಲ್ಲಿ ಸಾಲ ಮಾಡಿ ಅದೇ ಡಿಗ್ರಿ ಮುಗಿಸಿದ್ದ ರೇಖಾಳನ್ನು ಚೈತ್ರಳೇ ಜೀವನ್ ಬಿಮಾ ನಗರದಿಂದ ಕರೆತಂದಳು, ನನ್ನನ್ನು ಒಪ್ಪಿಸಲು. ನಾನು ಕಾಫಿ ಕೊಟ್ಟು ನೇರವಾಗಿ ಕೇಳಿದೆ.

"ಎಷ್ಟಮ್ಮ ಬರುತ್ತೆ?"

"ಇಪ್ಪತ್ತು ಸಾವಿರ ಆಂಟಿ. ಇಂದಿರಾನಗರದಲ್ಲಿ ಎಚ್‌ಆರ್ ಕೆಲಸ."

"ಸಾಲದ ಕಂತು?"

"ಹತ್ತು."

"ಮನಸ್ಸು ಸರಿಯಿಲ್ದೋರನ್ನ ನೋಡೋ ಕೆಲಸ?"

"ಅದಕ್ಕೆ ಇನ್ನೂ ಎರಡು ವರ್ಷ ಓದ್ಬೇಕು ಆಂಟಿ. ಮೊದಲು ಈ ಸಾಲ ತೀರಲಿ ಅಂತ..."

ಹುಡುಗಿ ಲೋಟ ಕೆಳಗಿಟ್ಟಳು. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು, ಅಷ್ಟು ಲೆಕ್ಕ ನನಗೂ ಬರುತ್ತದೆ. ಸಹಿ ಹಾಕುವುದಿಲ್ಲ ಎಂದೆ. ಚೈತ್ರ ನನ್ನ ಜೊತೆ ಮಾತು ಬಿಟ್ಟಳು. ಬಿಡಲಿ ಎಂದುಕೊಂಡೆ.

ನಿಮ್ಮ ವರ್ಷದ ಎಡೆ ಆ ವಾರವೇ ಬಂತು. ಮುದ್ದೆ, ನಾಟಿಕೋಳಿ ಸಾರು, ನಿಮ್ಮ ಕಡ್ಡಿಪುಡಿ ಎಲ್ಲವನ್ನೂ ನಡುಮನೆಯಲ್ಲಿ ಇಟ್ಟು, ನೀವು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಎಂದಿನಂತೆ ಜಗುಲಿಯಲ್ಲಿ ಕೂತೆವು. ಸುಡುವ ಮಧ್ಯಾಹ್ನ. ಒಳಗೆ ಲೋಟ ಸರಿದ ಸದ್ದಾಯಿತು. "ಬೆಕ್ಕು ಕಣಮ್ಮ" ಎಂದ ಶಂಕರ. ಬಾಗಿಲ ಸಂದಿಯಿಂದ ಕಡ್ಡಿಪುಡಿಯ ಘಾಟು ಬಂತು. ಬೆಕ್ಕು ಹೊಗೆಸೊಪ್ಪು ಜಗಿಯುತ್ತದೆಯೇ? ಆಮೇಲೆ ನಿಮ್ಮ ದನಿ ಕೇಳಿಸಿತು.

"ಯಾರದು ಹೊರಗೆ?"

ಶಂಕರ ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದ. ಅವನ ಹೆಂಡತಿ ಕಣ್ಣು ಮುಚ್ಚಿ ದೇವರ ಹೆಸರು ಹಿಡಿದಳು. ನಾನು ಹೆದರುವವಳಲ್ಲ, ನಿಮಗೇ ಗೊತ್ತು. ಹಳೆಯ ಅಭ್ಯಾಸಕ್ಕೆ "ಯಾರೂ ಇಲ್ಲ" ಎನ್ನಲು ಬಾಯಿ ತೆರೆದಿದ್ದೆ. ಹಾಗೆ ಅಂದುಬಿಟ್ಟಿದ್ದರೆ? ಅಂದ ಮೇಲೆ ನಾವು ಅಲ್ಲಿ ಇರುತ್ತಿದ್ದೆವೇ?

ಅಷ್ಟರಲ್ಲಿ ಚೈತ್ರ ಎದ್ದುಹೋಗಿ ಬಾಗಿಲಿಗೆ ಒರಗಿ ಕೂತಳು.

"ನಾನು ಚೈತ್ರ. ನಿಮ್ಮ ಮರಿಮಗಳು. ಇಲ್ಲೇ ಇದೀನಿ" ಎಂದಳು. ಸ್ವಲ್ಪ ತಡೆದು, "ಭಯ ಆಗ್ತಿದ್ಯಾ? ನಿಧಾನವಾಗಿ ಊಟ ಮಾಡಿ. ನೀವು ಹೇಳೋವರ್ಗೂ ಬಾಗಿಲು ತೆಗೆಯಲ್ಲ" ಎಂದಳು.

ಎಡೆ ಮುಗಿದ ಮೇಲೆ ನಾವು ಬಾಗಿಲು ತಟ್ಟಿ ಒಳಗೆ ಹೋಗುವುದು ನೀವೇ ಕಲಿಸಿದ ಪದ್ಧತಿ. ಈ ಸಲ ಒಳಗಿನಿಂದ ತಟ್ಟಿದ ಸದ್ದಾಯಿತು. ತೆರೆದರೆ ಯಾರೂ ಇಲ್ಲ. ಮುದ್ದೆಯ ಒಂದು ಬದಿ ಮುರಿದಿತ್ತು.

"ಎಲ್ಲಿ ಕಲಿತ್ಯೇ ಅದನ್ನ?" ಎಂದು ಚೈತ್ರಳನ್ನು ಕೇಳಿದೆ. ಅವಳು ಮಾತು ಬಿಟ್ಟ ಮೇಲೆ ನಾನಾಗಿ ಮಾತಾಡಿಸಿದ್ದು ಅಂದೇ ಮೊದಲು.

"ಎಲ್ಲೂ ಇಲ್ಲ ಅಜ್ಜಿ. ಅವ್ರು ಕೇಳಿದ್ರು, ನಾನು ಹೇಳ್ದೆ."

"ಹೆದರಿಕೆ ಆಗ್ಲಿಲ್ವಾ?"

"ಆಯ್ತು. ಅವ್ರಿಗೂ ಆಗಿರುತ್ತೆ ಅನ್ನಿಸ್ತು."

ಸಹಿ ಹಾಕಿದೆ, ಅತ್ತೆಯವರೇ. ಎಂಟು ಲಕ್ಷಕ್ಕಲ್ಲ. ಅದೇ ಓದು ಸರ್ಕಾರಿ ಕಾಲೇಜಿನಲ್ಲಿ ಇದೆ, ಅದಕ್ಕೆ ಬೇಕಾದ ಚಿಕ್ಕ ಸಾಲಕ್ಕೆ. ಮೊದಲ ಸಂಬಳ ಎಷ್ಟೇ ಕಡಿಮೆಯಿದ್ದರೂ ಆ ಕಂತು ಕಟ್ಟಿ ಬಸ್ಸಿಗೆ, ಊಟಕ್ಕೆ ಉಳಿಯುತ್ತದೆ. ಮನಸ್ಸು ನೋಡುವ ಕೆಲಸ ಸಿಗುವುದು ಮುಂದಿನ ಎರಡು ವರ್ಷದ ಓದಿನಿಂದ. ದೊಡ್ಡ ಸಾಲ ಮಾಡುವುದಿದ್ದರೆ ಅದಕ್ಕೆ ಮಾಡಲಿ, ಆಗಲೂ ನನ್ನ ಸಹಿ ಇದೆ ಎಂದೆ.

"ಅಲ್ಲಿ ನನ್ನ ಫ್ರೆಂಡ್ಸ್ ಯಾರೂ ಇಲ್ಲ ಅಜ್ಜಿ" ಎಂದು ಮುಖ ಊದಿಸಿದಳು.

"ಸತ್ತೋರ್ ಹತ್ರ ಮಾತಾಡ್ತೀಯ. ಬದುಕಿರೋರ್ ಹತ್ರ ಆಗಲ್ವಾ?"

ಆಗ ನಕ್ಕಳು.

ಮೊನ್ನೆ ಮಧ್ಯಾಹ್ನದ ಸಂಗತಿಯನ್ನು ಮಾತ್ರ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಚೈತ್ರ ಕಾಲೇಜಿಗೆ ಹೋಗಿದ್ದಳು. ಜಗುಲಿಯಲ್ಲಿ ಒಬ್ಬಳೇ ಸೊಪ್ಪು ಸೋಸುತ್ತಿದ್ದೆ. ನಡುಮನೆಯಲ್ಲಿ ಯಾರೋ ಓಡಾಡಿದಂತಾಯಿತು. ನಿಮ್ಮ ಮಾತು ನನ್ನ ಬಾಯಿಂದ ಬಂತು: "ಯಾರದು ಒಳಗೆ?"

ಕಡ್ಡಿಪುಡಿಯ ಘಾಟು. ನೀವು ತಿರುಗಿ ಕೇಳಿದಿರಿ, ಹೊರಗೆ ಯಾರು ಎಂದು.

ಇದ್ದಷ್ಟು ದಿನವೂ ನೀವು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಏ ಸೊಸೆ" ಅಷ್ಟೇ. ನಾನು ಮೊರ ಕೆಳಗಿಟ್ಟು ಎದ್ದೆ, ಆ ಹುಡುಗಿ ಕೂತಂತೆ ಬಾಗಿಲಿಗೆ ಒರಗಿ ಕೂತೆ.

"ನಾನು ಪುಟ್ಟಲಕ್ಷ್ಮಮ್ಮ" ಎಂದೆ. "ಇಲ್ಲೇ ಇದೀನಿ."