ಮೆಟ್ಟಿಲ ಕಂಬಿ ಕಿತ್ತ ಅಧ್ಯಕ್ಷರಿಗೆ

ಮಾನ್ಯ ಪುರಸಭಾ ಅಧ್ಯಕ್ಷರೇ,

ನಮ್ಮ ಓಣಿಯ ಮೆಟ್ಟಿಲುಗಳ ಪಕ್ಕದಲ್ಲಿ, ಹಿಡಿದುಕೊಂಡು ಇಳಿಯಲೆಂದು ನಾವೇ ಹಾಕಿಕೊಂಡಿದ್ದ ಕಬ್ಬಿಣದ ಕಂಬಿಯನ್ನು ತಾವು ಕೀಳಿಸಿದಿರಿ. ಅದರ ಬದಲಿಗೆ ಇವತ್ತಿನವರೆಗೆ ಬಂದಿರುವುದು ತಮ್ಮ ಹೆಸರಿರುವ ಒಂದು ಕಲ್ಲಿನ ಫಲಕ ಮಾತ್ರ. ದೂರು ಇಷ್ಟೇ. ತಮ್ಮ ಸಹಾಯಕರು ಯಾವ ಪತ್ರವನ್ನೂ ಮೊದಲ ನಾಲ್ಕು ಸಾಲು ದಾಟಿ ಓದುವುದಿಲ್ಲವೆಂದು ಕೇಳಿದ್ದೇನೆ. ಅವರು ಇಲ್ಲಿಗೆ ನಿಲ್ಲಿಸಿ ಚಹಾ ಕುಡಿಯಲು ಹೋಗಬಹುದು. ಉಳಿದದ್ದನ್ನು ಊರವರಾದರೂ ಓದಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ಆ ಮೆಟ್ಟಿಲು ತಮಗೆ ಗೊತ್ತಿಲ್ಲದ್ದೇನಲ್ಲ. ಮತ ಕೇಳಲು ಬಂದ ದಿನ ಅರ್ಧ ಹತ್ತುವಷ್ಟರಲ್ಲಿ ಏದುಸಿರು ಬಂದು, ನಡುವೆ ಇರುವ ನನ್ನ ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಕೂತು ನೀರು ಕೇಳಿದ್ದಿರಿ. “ಇದಕ್ಕೊಂದು ವ್ಯವಸ್ಥೆ ಆಗ್ಲೇಬೇಕಮ್ಮ” ಎಂದು ಲೋಟ ಕೆಳಗಿಟ್ಟಿದ್ದಿರಿ. ಅದಾದ ಮೇಲೆ ತಾವು ಎರಡು ಸಲ ಗೆದ್ದಿರಿ. ವ್ಯವಸ್ಥೆ ಮಾತ್ರ ನಾವೇ ಮಾಡಿಕೊಳ್ಳಬೇಕಾಯಿತು.

ನಮ್ಮಲ್ಲೊಬ್ಬ ವೆಲ್ಡರ್ ಇದ್ದಾನೆ. ಕೆಲಸಕ್ಕೂ ಕೋಪಕ್ಕೂ ಸೇರಿಸಿ ಎಲ್ಲರೂ ಅವನನ್ನು ಕಿಡಿ ಎಂದೇ ಕರೆಯುತ್ತೇವೆ. “ದುಡ್ಡು ಗಿಡ್ಡು ಬೇಡ, ಮನೇಲಿ ಬಿದ್ದಿರೋ ಕಬ್ಬಿಣ ತನ್ನಿ ಸಾಕು” ಎಂದ. ಒಬ್ಬರು ಮುರಿದ ಗೇಟು ತಂದರು, ಒಬ್ಬರು ಸೈಕಲ್ಲಿನ ಹ್ಯಾಂಡಲ್, ಇನ್ನೊಬ್ಬರು ಮಕ್ಕಳು ದೊಡ್ಡವರಾದ ಮೇಲೆ ಅಟ್ಟ ಸೇರಿದ್ದ ತೊಟ್ಟಿಲ ಸರಳುಗಳು. ನನ್ನ ಅಕ್ಕ, ನಮ್ಮ ಬಾವ ಕೊನೆಗಾಲದಲ್ಲಿ ಮಲಗಿದ್ದ ಮಂಚವನ್ನೇ ಕೊಟ್ಟಳು. “ಇದನ್ನ ತಡವ್ತಾ ಕೂತ್ರೆ ನಾನೂ ಇದ್ರಲ್ಲೇ ಮಲಗಿಬಿಡ್ತೀನಿ, ತಗೊಂಡ್ಹೋಗಿ” ಎಂದಳು. ಕಂಬಿ ನೋಡಲು ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ. ನಮ್ಮ ಓಣಿಗೂ ಅದಕ್ಕೂ ಕಂತೆಗೆ ತಕ್ಕ ಬೊಂತೆ. ಆದರೆ ಅದು ಅಲ್ಲಾಡುತ್ತಿರಲಿಲ್ಲ.

ಅಕ್ಕನಿಗೆ ಕಣ್ಣು ಹೋಗಿ ವರ್ಷಗಳಾದವು. ಬೆಳಕು ನೆರಳು ತಿಳಿಯುತ್ತದೆ, ಅಷ್ಟೇ. ಆದರೂ ಕೆಳಗಿನ ಬೇಕರಿಯಲ್ಲಿ ಕೆಲಸ ಬಿಟ್ಟಿರಲಿಲ್ಲ. “ಹಿಟ್ಟು ನಾದೋಕೆ ಕಣ್ಣು ಯಾಕೆ?” ಎನ್ನುತ್ತಿದ್ದಳು. ಕಂಬಿ ಬಂದ ಮೇಲೆ ಯಾರ ತೋಳನ್ನೂ ಹಿಡಿಯದೆ ಒಬ್ಬಳೇ ಇಳಿಯತೊಡಗಿದಳು. ಗೇಟಿನ ಒರಟು ಕೈಗೆ ಸಿಕ್ಕಿದರೆ ಮೊದಲ ತಿರುವು. ಸೈಕಲ್ಲಿನ ಬಾಗಿದ ಹ್ಯಾಂಡಲ್ ಸಿಕ್ಕಿದರೆ ನನ್ನ ಅಂಗಡಿ, “ಇನ್ನೂ ಬಾಗಿಲು ತೆಗ್ದಿಲ್ವೇನೇ ಸೋಮಾರಿ?” ಎಂದು ಅಲ್ಲಿಂದಲೇ ಕೂಗುವಳು. ತೀರಾ ಕೆಳಗೆ, ಬೇಕರಿಯ ಬಾಗಿಲಿನ ಹತ್ತಿರ, ಕಿಡಿ ಬೇಕೆಂದೇ ಮಂಚದ ಕಾಲು ಸೇರಿಸಿದ್ದ. “ನಿಮ್ಮ ಬಾವ ಬಾಗಿಲ ತನಕ ಬಂದು ಬಿಟ್ಟು ಹೋದ್ರು” ಎಂದು ಅವಳು ನಗುತ್ತಾ ಒಳಗೆ ಹೋಗುತ್ತಿದ್ದಳು.

ಆಮೇಲೆ ತಾವು ಪರಿಶೀಲನೆಗೆ ಬಂದಿರಿ. “ಜನ ಮನಸ್ಸು ಮಾಡಿದ್ರೆ ಏನೆಲ್ಲಾ ಆಗುತ್ತೆ ನೋಡಿ!” ಎಂದು ಎಂಜಿನಿಯರಿಗೆ ತೋರಿಸಿದಿರಿ. ಹಾಗೆ ಹೊಗಳಿ ಹೋದ ಬೆನ್ನಿಗೇ ಗರಗಸದವರು ಬಂದರು. ಕಂಬಿ ಅನಧಿಕೃತವಂತೆ, ಅದರಲ್ಲಿ ಏಕರೂಪತೆ ಇಲ್ಲವಂತೆ. ಹೊಳೆಯುವ ಉಕ್ಕಿನ ಕಂಬಿ ಬರುತ್ತದೆ, ಅದಕ್ಕೆ ಸಾರ್ವಜನಿಕರು ಉದಾರವಾಗಿ ನೀಡಬೇಕು ಎಂದು ಅದೇ ಮೆಟ್ಟಿಲಲ್ಲಿ ಹುಂಡಿಯೊಂದನ್ನು ಇಟ್ಟರು. ನಾವು ಕೇಳದೆಯೇ ಕೊಟ್ಟರೆ ಅದು ಒತ್ತುವರಿ, ತಮ್ಮ ಡಬ್ಬಿಗೆ ಹಾಕಿದರೆ ಅದು ಜನರ ಸಹಭಾಗಿತ್ವ, ಅಲ್ಲವೇ? ಅತ್ತೆ ಸೊತ್ತನ್ನು ಅಳಿಯ ದಾನ ಮಾಡಿದ ಎನ್ನುತ್ತಾರೆ. ಆ ಅಳಿಯ ದಾನವನ್ನಾದರೂ ಮಾಡಿದ. ತಾವು ಅಷ್ಟನ್ನೂ ಮಾಡಲಿಲ್ಲ.

ಮಾಡಿದ್ದು ಫಲಕದ ಅನಾವರಣ. ಅದಕ್ಕೆ ಪರದೆ ಹೊಲಿದುಕೊಟ್ಟವಳೂ ನಾನೇ. ‘ನಾಗರಿಕರ ಕೊಡುಗೆಯಿಂದ ನಿರ್ಮಿಸಲಾದ ಕಂಬಿ’ ಎಂದು ಕೆತ್ತಿಸಿ, ಕೆಳಗೆ ನಾಗರಿಕರಿಗಿಂತ ದೊಡ್ಡ ಅಕ್ಷರದಲ್ಲಿ ತಮ್ಮ ಹೆಸರನ್ನು ಹಾಕಿಸಿದ್ದಿರಿ. ಕೊಡುವ ಗುಣದ ಬಗ್ಗೆ ಚೆನ್ನಾಗಿ ಮಾತನಾಡಿದಿರಿ. ನಾವೂ ಚಪ್ಪಾಳೆ ತಟ್ಟಿದೆವು. ಹಿಡಿದುಕೊಳ್ಳಲು ಏನೂ ಇಲ್ಲದ್ದರಿಂದ ಎಲ್ಲರ ಎರಡೂ ಕೈ ಖಾಲಿ ಇದ್ದವು.

ಅದಾಗಿ ಸ್ವಲ್ಪ ದಿನಕ್ಕೆ ಅಕ್ಕ ನನ್ನ ಅಂಗಡಿಯ ಮೇಲಿನ ತಿರುವಿನಲ್ಲಿ ಬಿದ್ದಳು. ಕತ್ತರಿ ಬಿಸಾಡಿ ಓಡಿದೆ. ನಾನು ಹೋಗುವಷ್ಟರಲ್ಲಿ ಅವಳು ಗೋಡೆಯನ್ನು ತಡವುತ್ತಾ ಗೇಟಿನ ಕಂಬಿಯನ್ನು ಹುಡುಕುತ್ತಿದ್ದಳು. ಬಲಗೈ ಮಣಿಕಟ್ಟು ಮುರಿದು, ಸೊಟ್ಟಗೆ ಕೂಡಿಕೊಂಡಿತು. ಹಿಟ್ಟು ನಾದಲು ಕಣ್ಣು ಬೇಡ, ಮಣಿಕಟ್ಟು ಬೇಕು. ಬೇಕರಿಯವರು ಒಳ್ಳೆಯವರು, ಕಾದರು, ಕೊನೆಗೆ ಬೇರೆಯವರನ್ನು ಇಟ್ಟುಕೊಂಡರು. ಅವರನ್ನು ನಾನು ದೂರುವುದಿಲ್ಲ.

ತಮ್ಮ ಕಚೇರಿಗೂ ಹೋಗಿದ್ದೆ. “ಫಲಕ ಹಾಕಿದ್ಮೇಲೆ ಕೆಲಸ ಮುಗೀತಮ್ಮ. ಮುಗಿದ ಕೆಲಸಕ್ಕೆ ಮತ್ತೆ ಅರ್ಜಿ ತಗೊಳ್ಳೋಕೆ ಬರಲ್ಲ” ಎಂದರು ಗುಮಾಸ್ತರು. ಕಚೇರಿಯ ಹಿತ್ತಲಿನ ಹುಲ್ಲಿನಲ್ಲಿ ಬಾವನ ಮಂಚದ ಕಾಲು ತುಕ್ಕು ಹಿಡಿದು ಬಿದ್ದಿತ್ತು. ಅದನ್ನಾದರೂ ಕೊಡಿ ಎಂದೆ. ಸಾರ್ವಜನಿಕ ಆಸ್ತಿಯಂತೆ, ಮುಟ್ಟುವಂತಿಲ್ಲವಂತೆ. ವಾಪಸು ಬಂದು ಕಿಡಿಯ ಹತ್ತಿರ, ಇನ್ನೊಂದು ಸಲ ನಾವೇ ಮಾಡೋಣವೇ ಎಂದು ಕೇಳಿದೆ. ಆ ಮುಂಗೋಪಿ ರೇಗಲೂ ಇಲ್ಲ. “ಕಬ್ಬಿಣ ಇನ್ನೂ ಎಲ್ಲರ ಮನೇಲೂ ಇದೆ ಕಣಕ್ಕ. ಕೊಡೋ ಮನಸ್ಸು ಯಾರಿಗೂ ಇಲ್ಲ” ಎಂದ. ತಾವು ಕಂಬಿಯ ಜೊತೆ ಕಿತ್ತುಕೊಂಡು ಹೋದದ್ದು ಅದನ್ನೂ, ಅಧ್ಯಕ್ಷರೇ. ಅದನ್ನು ಯಾವ ಹಿತ್ತಲಿನಲ್ಲಿ ಎಸೆದಿದ್ದೀರೋ ನನಗೆ ಗೊತ್ತಿಲ್ಲ.

ಮೊನ್ನೆ ಅಕ್ಕ, ತುಂಬಾ ದಿನಗಳ ನಂತರ, ಹೊರಗೆ ಕರೆದುಕೊಂಡು ಹೋಗು ಎಂದಳು. ಮೊದಲ ಮೆಟ್ಟಿಲಿನ ಹತ್ತಿರ ಅವಳ ಕೈಗೆ ತಮ್ಮ ಫಲಕ ಸಿಕ್ಕಿತು. ಎಡಗೈಯಿಂದ ಅಕ್ಷರಗಳನ್ನೆಲ್ಲ ಸವರಿದಳು.

“ಇದ್ಯಾರ ಮನೆಯಿಂದ ಬಂದಿದ್ದು?” ಎಂದಳು.

“ಅಧ್ಯಕ್ಷರದು” ಎಂದೆ.

ಒಮ್ಮೆ ಅಲ್ಲಾಡಿಸಿ ನೋಡಿದಳು. “ಪರವಾಗಿಲ್ಲ ಕಣೇ, ಗಟ್ಟಿಯಾಗಿದೆ” ಎಂದಳು. ಆಮೇಲೆ ಗಾಳಿಯಲ್ಲಿ ಕೈ ಚಾಚಿ ಕೇಳಿದಳು, “ಮುಂದಿನದು ಎಲ್ಲಿದೆ?”

ಆದ್ದರಿಂದ ನನ್ನ ಬೇಡಿಕೆ ಕಂಬಿ ಅಲ್ಲ. ಕಂಬಿಯ ಆಸೆ ಬಿಟ್ಟಿದ್ದೇವೆ. ತಮ್ಮ ಫಲಕಗಳನ್ನೇ ಬೇಕರಿಯ ಬಾಗಿಲಿನವರೆಗೆ, ಕೈಗೆಟುಕುವಷ್ಟು ದೂರಕ್ಕೊಂದರಂತೆ, ಸೊಂಟದ ಎತ್ತರಕ್ಕೆ ನೆಡಿಸಿ. ಹೆಸರು ಯಾರದಾದರೂ ಇರಲಿ. ಅವಳಿಗೆ ಹೇಗೂ ಓದಲು ಆಗುವುದಿಲ್ಲ.

ಇಂತಿ,
ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಅಂಚೆಚೀಟಿ ಅಂಟಿಸಿರುವ,
ತಮಗೊಮ್ಮೆ ನೀರು ಕೊಟ್ಟ ಟೈಲರಮ್ಮ