ಸಮುದ್ರ ಕಾಣದ ಕೋಣೆ

ಯಲ್ಲಕ್ಕಾ,

ನೀನು ಬಟ್ಟೆ ಒಗೆದು ಬರುವಷ್ಟರಲ್ಲಿ ನಾನು ರೈಲಿನ ಟಿಕೆಟ್ಟಿಗೆಂದು ಹರಿಹರಕ್ಕೆ ಹೋಗಿರುತ್ತೇನೆ. ಒಲೆಯ ಮೇಲಿದ್ದ ಸಾರು ಮುಗಿಸಿದ್ದು ನಾನೇ, ಬೆಕ್ಕನ್ನು ಬಯ್ಯಬೇಡ.

ಮದ್ರಾಸಿನಲ್ಲಿ ನಮಗೆ ಕೋಣೆ ಗೊತ್ತಾಯಿತು. ಬಂದರಿನ ಸುತ್ತಲಿನ ಸಾವಿರ ಲಾಡ್ಜು ಜಾಲಾಡಿದೆ. ಹೋಗಲಿ, ಮೂರು. ಅದೂ ಹತ್ತಿ ಲಾರಿಯ ಓಬಯ್ಯ ನೋಡಿ ಬಂದದ್ದು. ಪುಕ್ಕಟೆ ಛತ್ರವೇ ಸಾಕೆಂದು ಹಟ ಹಿಡಿಯಬೇಡ. ಛತ್ರದವರು ಮೂರೇ ದಿನಕ್ಕೆ ಎಬ್ಬಿಸುತ್ತಾರೆ, ಅಂಡಮಾನಿನ ಹಡಗು ವಾರ ತಡವಾದರೂ ಕೇಳುವವರಿಲ್ಲ. ಈ ಲಾಡ್ಜಿನಲ್ಲಿ ಕೆಳಗಿನ ಕೋಣೆ, ಪಕ್ಕದಲ್ಲೇ ನಲ್ಲಿ, ಹಿತ್ತಲಲ್ಲಿ ಒಲೆ ಹೂಡಬಹುದು.

ಖಡಕ್ ರೊಟ್ಟಿ ಐವತ್ತಾದರೂ ಕಟ್ಟು. ಶೇಂಗಾ ಚಟ್ನಿ ಮರೆಯಬೇಡ. ಅಂಡಮಾನಿನಲ್ಲಿ ಭಾವ ಎರಡು ವರ್ಷ ಬರೀ ಮೀನು ತಿಂದು ಈಗ ರೆಕ್ಕೆ ಬಡಿದು ಈಜುತ್ತಿರಬೇಕು.

ಓಬಯ್ಯ ಕೇಳಿದ: "ಅದೇ ಬಾಡಿಗೆಗೆ ಮ್ಯಾಲೆ ಸಮುದ್ರ ಕಾಣೋ ರೂಮೈತಲ್ಲೋ ಸೂರಪ್ಪ, ಯಾಕ ಬ್ಯಾಡ?"

"ನಮ್ಮಕ್ಕ ಹರಿಹರದ ಸೇತುವೆ ದಾಟಾಕೇ ಕಣ್ಣು ಮುಚ್ಕಂತಾಳೆ. ವಾರಗಟ್ಲೆ ಸಮುದ್ರ ನೋಡಿದ್ರೆ ಹಡಗು ಹತ್ತಾಳೇನೋ?" ಎಂದೆ.

ಅದು ಸುಳ್ಳು ಅಕ್ಕಾ. ಭಾವ ಹೋದ ದಿನದಿಂದ ಟ್ರಂಕು ತುಂಬಿಟ್ಟುಕೊಂಡು ಕೂತವಳು ನೀನು, ಕಣ್ಣು ಮುಚ್ಚಿಕೊಂಡಾದರೂ ಹತ್ತುತ್ತೀಯ. ಅಷ್ಟಗಲದ ನೀರನ್ನು ನಾನು ದಿನಾ ನೋಡುತ್ತ ಕೂತರೆ, ನಿನ್ನನ್ನು ಹತ್ತಿಸಲು ನನಗೇ ಕೈ ಬರುವುದಿಲ್ಲ.

ಸೂರಪ್ಪ