ನಲವತ್ತೆರಡನೇ ವಿಧಿ

ಬೋಡಿಮೆಟ್ಟು,
ಭಾನುವಾರ

ಸರಣ್ಯಾಳಿಗೆ,

ಮೈ ಈಗ ಹೇಗಿದೆ? ಎರಡು ಸಲ ಆಸ್ಪತ್ರೆಯ ಬಾಗಿಲವರೆಗೆ ಬಂದೆ. ಒಳಗೆ ಬರುವ ಧೈರ್ಯವಾಗದೆ ಹಿಂದಿರುಗಿದೆ. ಅದಕ್ಕೇ ಈ ಕಾಗದ.

ಏಲಕ್ಕಿ ತೋಟದಲ್ಲಿ ಅಂದು ನೀನು, "ರಾಜಮ್ಮಾಳತ್ತೆ, ಸೊಂಟ ಎಳೀತದೆ, ಇವತ್ತು ಮೂಟೆ ಹೊರಕಾಗ್ದು" ಎಂದೆ. ಏಳು ತಿಂಗಳ ಬಸುರಿ ನೀನು. ಆಳುಗಳ ಮೇಸ್ತ್ರಿಯಾದ ನಾನು, "ಇದೊಂದು ಮೂಟೆ ಮೇಲಕ್ಕೆ ಏರಿಸಿಬಿಡು ಮಗಳೇ" ಎಂದೆ. ಅರ್ಧ ದಾರಿಯಲ್ಲೇ ನೀನು ಕುಸಿದೆ. ಮಗು ಉಳಿಯಲಿಲ್ಲ. ಮರುದಿನ ಮಾಲೀಕರು, ನೀನು ಸುಮ್ಮನೆ ನಡೆಯುವಾಗ ಕಾಲು ಜಾರಿತೆಂದು ಬರೆಸಿದರು. ಅದಕ್ಕೆ ನಾನು ಸಹಿ ಹಾಕಿದೆ.

ಮೊನ್ನೆ ತೇನಿಗೆ ಹೋಗಿ, ನಮ್ಮ ಹಾಗೇ ಕನ್ನಡ ಮಾತಾಡುವ ವಕೀಲೆ ಮುತ್ತುಸೆಲ್ವಿಯವರಿಗೆ ಎಲ್ಲ ಹೇಳಿದೆ. ಸಂವಿಧಾನದಲ್ಲಿ ಸರ್ಕಾರಕ್ಕೆ ದಾರಿ ತೋರುವ ಭಾಗವೊಂದಿದೆಯಂತೆ. ಅದರ ನಲವತ್ತೆರಡನೇ ವಿಧಿಯನ್ನು ಓದಿದರು. ದುಡಿಯುವವರನ್ನು ಮನುಷ್ಯರಂತೆ ನಡೆಸಿಕೊಳ್ಳಬೇಕು, ಬಸುರಿ ಬಾಣಂತಿಯರಿಗೆ ಆಸರೆ ಸಿಗಬೇಕು ಎಂದಿದೆ.

"ಈ ಮಾತನ್ನೇ ಹಿಡ್ಕೊಂಡು ಕೋರ್ಟಿಗೆ ಹೋಗಕಾಗ್ದಮ್ಮಾ. ಆದ್ರೆ ಇದರ ದಾರೀಲೇ ಕಾನೂನು ಮಾಡವ್ರೆ, ಅದು ನಿಮ್ಮ ತೋಟಕ್ಕೂ ಸೇರ್ತದೆ. ನಿಜ ಹೇಳೋ ಸಾಕ್ಷಿ ಬೇಕು" ಎಂದರು.

ಆ ಸಾಕ್ಷಿ ನಾನೇ. ಬುಧವಾರ ಹತ್ತು ಗಂಟೆಗೆ ತೇನಿಯಲ್ಲಿ ಕಾರ್ಮಿಕ ಅಧಿಕಾರಿಯ ಮುಂದೆ, ನಾನು ಸಹಿ ಹಾಕಿದ್ದು ಸುಳ್ಳಿಗೆ ಎಂದು ಹೇಳುತ್ತೇನೆ. ಮೇಸ್ತ್ರಿ ಕೆಲಸ ನಿನ್ನೆಯೇ ಬಿಟ್ಟೆ. ನೀನು ಆಸ್ಪತ್ರೆಯ ಚೀಟಿ ಕಳುಹಿಸು. ಬರುವುದಾದರೆ ಬಸ್ಸು ಬೇಡ, ಬಾಲಮುರುಗನ್‌ಗೆ ಆಟೋ ತರಲು ಹೇಳಿದ್ದೇನೆ. ನನ್ನ ಜೊತೆ ಮಾತಾಡದಿದ್ದರೂ ಸರಿ.

ಮಗುವಿಗೆ ನೀನು ಆರಿಸಿಟ್ಟಿದ್ದ ಹೆಸರನ್ನು ನಿನ್ನಮ್ಮ ಹೇಳಿದಳು. ಅಧಿಕಾರಿ ಬರೆದುಕೊಳ್ಳುವಾಗ ಆ ಹೆಸರನ್ನೂ ಬರೆಸಲೇ? ನೀನು ಬೇಡವೆಂದರೆ ನನ್ನ ಬಾಯಿಂದ ಅದು ಬರುವುದಿಲ್ಲ.

ನಿನ್ನ ಉತ್ತರಕ್ಕೆ ಕಾದಿರುವ,
ರಾಜಮ್ಮಾಳ್